ಗೃಹಸ್ಥರ ಸಂಗಡ: ಮೊದಲನೆಯ ಪಿಸ್ತೂಲು

ಸನವಳ್ಳಿಯಿಂದ ಗೃಹಸ್ಥರೊಬ್ಬರು ಬರೆದಿರುವ ಕಾಗದವು ಈ ತಿಂಗಳ ನಮ್ಮ ಬರವಣಿಗೆಗೆ ಕಾರಣವಾಗಿದೆ. ಮುಂಡಗೋಡ ತಾಲೂಕಿನ ಈ ಊರನ್ನು ವಾಚಕರಲ್ಲಿ ಕೆಲವರು ಅಲ್ಲಿಯ ಜಲಾಶಯದ ಹೆಸರಿನಿಂದಲಾದರೂ ಬಲ್ಲರು. ಕಾಗದ ಬರೆದವರಿಗೆ ಅಲ್ಲಿ ಗದ್ದೆಯುಂಟು, ಗೋವಿನಜೋಳದ ಹೊಲವುಂಟು, ಕಾಡು ದೂರವಿಲ್ಲ. ಮಗಳು ಹುಬ್ಬಳ್ಳಿಯ ಕಾಲೇಜಿನಲ್ಲಿ ಓದುತ್ತಾಳೆ. ಎನ್.ಸಿ.ಸಿ. ಶಿಬಿರದಲ್ಲಿ .22 ರೈಫಲಿನಿಂದ ನಾಲ್ಕಾರು ಸಲ ಗುರಿ ಹೊಡೆದು ಬಂದಂದಿನಿಂದ ಆಕೆಗೆ ಪಿಸ್ತೂಲು ಕಲಿಯಬೇಕೆಂಬ ಹಂಬಲ ಹಿಡಿದಿದೆಯಂತೆ. ಮಗನ ವಿಚಾರವೇ ಬೇರೆ. ಒಳ್ಳೆಯದೊಂದು ರಿವಾಲ್ವರನ್ನು ಕೊಂಡರೆ ತಂಗಿಯ ಕಲಿಕೆಯೂ ಆಯಿತು, ಹೊಲಕ್ಕೆ ಬರುವ ಹಂದಿಗೂ ಆಯಿತು, ಒಂಟಿಮನೆಗೆ ರಕ್ಷಣೆಯೂ ಆಯಿತು ಎಂಬುದು ಅವನ ಲೆಕ್ಕ. "ಹೊಸದಾಗಿ ಕಲಿಯುವವರಿಗೆ ಯಾವ ಪಿಸ್ತೂಲು ಯೋಗ್ಯವೆಂಬುದನ್ನು ದಯವಿಟ್ಟು ತಿಳಿಸಬೇಕು" ಎಂದು ತಂದೆಯವರು ಕೇಳಿದ್ದಾರೆ.

ಕಾಗದದ ಕೊನೆಯಲ್ಲಿ, ಮರೆತದ್ದನ್ನು ನೆನೆದು ಸೇರಿಸಿದಂತೆ, ಇನ್ನೊಂದು ಸಾಲು ಇದೆ. "ತೀರಿಹೋದ ನಮ್ಮ ತಂದೆಯವರ ಕೇಪಿನ ಬಂದೂಕೊಂದು ಅಟ್ಟದ ಮೇಲಿದೆ. ಅವರ ನೆನಪಿಗೆಂದು ಹಾಗೆಯೇ ಇಟ್ಟಿದ್ದೇವೆ." ಹೊಸ ಪಿಸ್ತೂಲಿನ ಮಾತಿಗಿಂತ ಮೊದಲು ಈ ಸಾಲಿಗೇ ನಾವು ಉತ್ತರ ಹೇಳಬೇಕಾಗಿದೆ. ಏಕೆಂದರೆ ಈ ಮನೆಗೆ ಇಂದು ಅಪಾಯವಿರುವುದು ಇನ್ನೂ ಕೊಳ್ಳದಿರುವ ಆಯುಧದಿಂದಲ್ಲ, ಅಟ್ಟದ ಮೇಲಿನ ಆಯುಧದಿಂದ.

1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬಂದೂಕಿನ ಪರವಾನಿಗೆಯನ್ನು ವ್ಯಕ್ತಿಗೆ ಕೊಡುತ್ತಾರೆಯೇ ಹೊರತು ಮನೆತನಕ್ಕಲ್ಲ. ಗದ್ದೆಯಂತೆ, ತಾಮ್ರದ ಹಂಡೆಯಂತೆ ಅದು ತಂದೆಯಿಂದ ಮಗನಿಗೆ ತಾನಾಗಿ ಇಳಿದು ಬರುವುದಿಲ್ಲ. ಪರವಾನಿಗೆಯುಳ್ಳವರು ತೀರಿಕೊಂಡ ಮೇಲೆ ಬಂದೂಕನ್ನು ವಿನಾಕಾರಣ ತಡಮಾಡದೆ ಪೊಲೀಸು ಠಾಣೆಯಲ್ಲಿ ಇಲ್ಲವೆ ಪರವಾನಿಗೆ ಪಡೆದ ಬಂದೂಕಿನ ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆಯತಕ್ಕದ್ದು. ತಂದೆಯ ಬಂದೂಕು ತಮಗೆ ಬೇಕೆನ್ನುವ ವಾರಸುದಾರರು ತಮ್ಮ ಹೆಸರಿನಲ್ಲಿ ಹೊಸ ಪರವಾನಿಗೆ ಬೇಡಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ದಾರಿ ಇದೆ. ಅಷ್ಟೇ ಅಲ್ಲ, ಪರವಾನಿಗೆಯುಳ್ಳವರು 70 ವರ್ಷ ದಾಟಿದಾಗ, ಅಥವಾ ಬಂದೂಕನ್ನು 25 ವರ್ಷ ಇಟ್ಟುಕೊಂಡಿದ್ದಾಗ, ಬದುಕಿರುವಾಗಲೇ ಅದನ್ನು ವಾರಸುದಾರರಿಗೆ ವರ್ಗಮಾಡಿಸಬಹುದು. ವೃದ್ಧರಿರುವ ಮನೆಗಳವರು ಈ ಮಾತನ್ನು ಗಮನಿಸಬೇಕು. ಇದಾವುದನ್ನೂ ಮಾಡದೆ ನೆನಪಿಗೆಂದು ಇಟ್ಟುಕೊಂಡರೆ ಕಾಯಿದೆಯ ಕಣ್ಣಿಗೆ ಅದು ಪರವಾನಿಗೆಯಿಲ್ಲದ ಬಂದೂಕು. 2019ರ ತಿದ್ದುಪಡಿಯ ತರುವಾಯ ಇದಕ್ಕಿರುವ ಶಿಕ್ಷೆ ಸಾಮಾನ್ಯವಾಗಿ ಎರಡು ವರ್ಷಕ್ಕೆ ಕಡಿಮೆಯಾಗದು, ಐದು ವರ್ಷದವರೆಗೂ ಹೋಗಬಹುದು. ತಂದೆಯ ಮೇಲಿನ ಪ್ರೀತಿಯನ್ನು ತೋರಿಸಲು ಇದಕ್ಕಿಂತ ಅಗ್ಗದ ಮಾರ್ಗಗಳಿವೆ.

ಕಾಯಿದೆಯ ಮಾತು ಹಾಗಿರಲಿ. ಕೇಪಿನ ಬಂದೂಕು ನಳಿಗೆಯ ಬಾಯಿಂದ ಮದ್ದು, ಬಟ್ಟೆ, ಚರೆಗಳನ್ನು ತುಂಬಿ ಗಜದಿಂದ ಜಡಿಯುವಂಥದು. ತುಂಬಿದ್ದಾರೆಯೋ ಇಲ್ಲವೋ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಹಂದಿಗೆಂದು ಒಂದು ರಾತ್ರಿ ತುಂಬಿ, ಹಾರಿಸುವ ಪ್ರಸಂಗ ಬಾರದೆ, ಹಾಗೆಯೇ ಗೋಡೆಗೆ ಒರಗಿಸಿಟ್ಟ ಬಂದೂಕುಗಳು ಹಳ್ಳಿಗಳಲ್ಲಿ ಎಷ್ಟೋ. ಹಳೆಯ ಕರಿಮದ್ದು ಸತ್ತುಹೋಗಿರುತ್ತದೆಂದು ನಂಬುವಂತಿಲ್ಲ. ತೇವ ತಗಲದಿದ್ದರೆ ಅದು ಹತ್ತಾರು ವರ್ಷವಾದರೂ ತನ್ನ ಗುಣವನ್ನು ಬಿಡುವುದಿಲ್ಲ. ಆದುದರಿಂದ ಅದನ್ನು ಹುಡುಗರ ಕೈಯಿಂದ ಇಳಿಸಿಕೊಳ್ಳಬಾರದು, ಕುದುರೆಯನ್ನು ಎತ್ತಿ ನೋಡಬಾರದು, ಹೆಗಲ ಮೇಲೆ ಹೊತ್ತು ಬಸ್ಸು ಹತ್ತಬಾರದು. ತಂದೆಯವರ ಹಳೆಯ ಪರವಾನಿಗೆಯ ಪುಸ್ತಕವನ್ನೂ ಮರಣದ ದಾಖಲೆಯನ್ನೂ ತೆಗೆದುಕೊಂಡು ಮೊದಲು ಬರಿಗೈಯಿಂದ ಮುಂಡಗೋಡದ ಠಾಣೆಗೆ ಹೋಗಿ, ಸಂಗತಿಯನ್ನು ಬರಹದಲ್ಲಿ ತಿಳಿಸಿ, ಅವರು ಹೇಳಿದಂತೆ ನಡೆಯುವುದು ಲೇಸು.

ಇನ್ನು ಹಂದಿಯ ಮಾತು. ಮುಂಡಗೋಡ, ಯಲ್ಲಾಪುರದ ಕಡೆಗೆ ದಾಂಡೇಲಿಯ ಕಾಡಿನಿಂದ ಆನೆಗಳ ಹಿಂಡು ಭತ್ತ ತೆನೆಗಟ್ಟುವ ಕಾಲಕ್ಕೆ ಇಳಿದು ಬರುವುದನ್ನೂ, ಹಂದಿಗಳು ಒಂದೇ ರಾತ್ರಿಯಲ್ಲಿ ಗೋವಿನಜೋಳವನ್ನು ಮಲಗಿಸಿ ಹೋಗುವುದನ್ನೂ ನಾವು ಬಲ್ಲೆವು. ಬೆಳೆ ಕಳೆದುಕೊಂಡವನ ಸಂಕಟವನ್ನು ಹಗುರಾಗಿ ಎಣಿಸುವವರು ನಾವಲ್ಲ. ಆದರೆ ರಿವಾಲ್ವರಿಗೂ ಹಂದಿಗೂ ಸಂಬಂಧವಿಲ್ಲ. ಕಾಯಿದೆಯೇ ಇದನ್ನು ಬೇರ್ಪಡಿಸಿ ಹೇಳಿದೆ. ಬೆಳೆಯ ರಕ್ಷಣೆಗೆ ಅದು ಹೆಸರಿಸುವುದು ನಳಿಗೆಯ ಬಾಯಿಂದ ತುಂಬುವ ಬಂದೂಕನ್ನು. ಆತ್ಮರಕ್ಷಣೆಗೆ ಮತ್ತು ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಕೊಳವೆಯ ಬಂದೂಕನ್ನು. ಅದಲ್ಲದೆ ಬೆಳೆ ರಕ್ಷಣೆಯ ಪರವಾನಿಗೆಯೆಂದರೆ ಬೇಟೆಯ ಪರವಾನಿಗೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಧಿಕಾರಿಗಳ ಬರಹದ ಅಪ್ಪಣೆಯಿಲ್ಲದೆ ಕಾಡುಪ್ರಾಣಿಯನ್ನು ಕೊಲ್ಲುವಂತಿಲ್ಲ. ಸದ್ದು ಮಾಡಿ ಓಡಿಸಬಹುದು, ಅಷ್ಟೇ. ಪಕ್ಷಿಧಾಮ ಮೊದಲಾದ ಅಭಯಾರಣ್ಯಗಳಿಂದ ಹತ್ತು ಕಿಲೋಮೀಟರಿನೊಳಗೆ ವಾಸಿಸುವ ಪರವಾನಿಗೆದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಿಸಬೇಕೆಂಬ ಕಟ್ಟಳೆಯೂ ಅದೇ ಕಾಯಿದೆಯಲ್ಲಿದೆ. ಅತ್ತಿವೇರಿಯ ಸುತ್ತಿನವರಿಗೆ ಇದು ಉಪಯೋಗವಾದೀತು.

ಚಿಕ್ಕ ಆಯುಧವು ಹೊಲಕ್ಕೆ ನಿರುಪಯೋಗವಾದುದೇಕೆ ಎಂಬುದನ್ನು ಲೆಕ್ಕದಿಂದಲೇ ತೋರಿಸಬಹುದು. ಪಿಸ್ತೂಲು ಕಲಿಯುವವರಿಗೂ ಇದೇ ಮೊದಲ ಪಾಠ. ಗುರಿ ಹಿಡಿಯುವಾಗ ಹಿಂದಿನ ಕಂಡಿಯನ್ನೂ ಮುಂದಿನ ನೊಣವನ್ನೂ ಒಂದು ಸರಳರೇಖೆಗೆ ತರುತ್ತೇವಷ್ಟೆ. ರೈಫಲಿನಲ್ಲಿ ಇವೆರಡರ ನಡುವಿನ ಅಂತರ 75 ಸೆಂಟಿಮೀಟರು ಎಂದುಕೊಳ್ಳೋಣ. ಮುಂದಿನ ನೊಣವು ಒಂದು ಮಿಲಿಮೀಟರು ಓಸರಿಸಿದರೆ 10 ಮೀಟರು ದೂರದ ಹಲಗೆಯ ಮೇಲೆ ಗುಂಡು ಸುಮಾರು 13 ಮಿಲಿಮೀಟರು ತಪ್ಪುವುದು. ಚಿಕ್ಕ ರಿವಾಲ್ವರಿನಲ್ಲಿ ಆ ಅಂತರ 15 ಸೆಂಟಿಮೀಟರು. ಅದೇ ಒಂದು ಮಿಲಿಮೀಟರಿನ ತಪ್ಪು ಅಲ್ಲಿ ಸುಮಾರು 67 ಮಿಲಿಮೀಟರು ಆಗುವುದು. ಕತ್ತಲೆಯಲ್ಲಿ, ಮೂವತ್ತು ನಲವತ್ತು ಮೀಟರಿನಾಚೆ, ಓಡುವ ಹಂದಿಗೆ ಇದೇ ಲೆಕ್ಕವನ್ನು ಹಾಕಿ ನೋಡಿರಿ. ಹಂದಿ ಉಳಿದೀತು, ಬದುವಿನಾಚೆ ಕಾವಲಿಗೆ ಮಲಗಿದ ನೆರೆಯವನ ಮಾತು ಹೇಳಲಾಗದು.

ಮನೆಯ ರಕ್ಷಣೆಗೆ ರಿವಾಲ್ವರು ಬೇಕೆನ್ನುವ ವಾದವನ್ನು ನಾವು ನಗೆಯಾಡುವುದಿಲ್ಲ. ಊರ ಹೊರಗಿನ ಒಂಟಿಮನೆಯಲ್ಲಿ ರಾತ್ರಿ ನಾಯಿ ಬೊಗಳಿದಾಗ ಎದೆ ಹೇಗೆ ಹೊಡೆದುಕೊಳ್ಳುವುದೆಂಬುದನ್ನು ಪೇಟೆಯವರು ಅರಿಯರು. ಸಾಮಾನ್ಯ ಪ್ರಜೆಗೆ ದೊರೆಯಬಹುದಾದದ್ದು ಮುಖ್ಯವಾಗಿ .32 ಅಳತೆಯ ರಿವಾಲ್ವರು ಇಲ್ಲವೆ ಪಿಸ್ತೂಲು; 9 ಮಿಲಿಮೀಟರಿನಂಥ ಸೈನ್ಯದ ಅಳತೆಗಳು ನಿಷಿದ್ಧ. ಪರವಾನಿಗೆಗೆ ಕಾರವಾರದಲ್ಲಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬೇಕು. 21 ವರ್ಷ ತುಂಬಿರಬೇಕು. ಪೊಲೀಸರ ವರದಿ, ದೇಹ ಮನಸ್ಸುಗಳು ಸ್ವಸ್ಥವಾಗಿವೆಯೆಂಬ ವೈದ್ಯರ ಪತ್ರ, ಆಯುಧವನ್ನು ಅಪಾಯವಿಲ್ಲದಂತೆ ನಡೆಸುವ ಶಿಕ್ಷಣದ ಪತ್ರ, ಇವೆಲ್ಲ ಬೇಕು. ಜೀವಕ್ಕೆ ನಿಜವಾದ ಬೆದರಿಕೆಯಿದೆಯೆಂದು ತೋರಿಸದೆ ಕೈಯಾಯುಧದ ಪರವಾನಿಗೆ ದೊರೆಯುವುದು ಕಠಿಣ. ಚುನಾವಣೆ ಬಂದಿತೆಂದರೆ ಒಪ್ಪಿಸಲು ಆಜ್ಞೆಯಾಗುವುದುಂಟು; ಆಗ ಠಾಣೆಗೆ ಹೊತ್ತುಕೊಂಡು ಹೋಗಬೇಕು, ಮುಗಿದ ಮೇಲೆ ಮರಳಿ ತರಬೇಕು.

ಇಷ್ಟು ತೊಂದರೆಪಟ್ಟು ತಂದರೂ ಕಲಿಯುವವರಿಗೆ ಅದು ಗುರುವಾಗಲಾರದು. 2014ರ ಜನವರಿಯಲ್ಲಿ ಕಾನಪುರದ ಸರಕಾರಿ ಕಾರ್ಖಾನೆಯು "ನಿರ್ಭೀಕ" ಎಂಬ ರಿವಾಲ್ವರನ್ನು ಸ್ತ್ರೀಯರಿಗೆ ಅನುಕೂಲವಾದುದೆಂದು ಹೊರತಂದಿತು. .32 ಅಳತೆ, ಟೈಟೇನಿಯಂ ಮಿಶ್ರಲೋಹದ ಮೈ, ತೂಕ 500 ಗ್ರಾಮು, ಬೆಲೆ 1,22,000 ರೂಪಾಯಿಗಳಿಗೂ ಮೇಲೆ. ಕೈಚೀಲದಲ್ಲಿ ಇಟ್ಟುಕೊಳ್ಳಲು ಹಗುರವೆಂಬುದು ಅದರ ಹೆಗ್ಗಳಿಕೆಯಾಗಿತ್ತು. ಆದರೆ ಹಗುರವಾದ ಆಯುಧವೇ ಹೆಚ್ಚು ಒದೆಯುತ್ತದೆ. ಭಾರವಿದ್ದರೆ ಸಿಡಿತದ ರಭಸವನ್ನು ಕಬ್ಬಿಣವೇ ನುಂಗುವುದು; ಭಾರವಿಲ್ಲದಿದ್ದರೆ ಮಣಿಕಟ್ಟು ನುಂಗಬೇಕು. ಹೊಸಬರು ಹತ್ತು ಗುಂಡು ಹಾರಿಸುವಷ್ಟರಲ್ಲಿ ಕೈ ಬೆದರಲು ಕಲಿಯುತ್ತದೆ: ಸದ್ದು ಬರುವ ಮುನ್ನವೇ ಕಣ್ಣು ಮುಚ್ಚುತ್ತದೆ, ಮುಷ್ಟಿ ಬಿಗಿಯುತ್ತದೆ, ಮೂತಿ ಕೆಳಗಿಳಿಯುತ್ತದೆ. ಈ ಬೆದರು ಒಮ್ಮೆ ಮೈಗೆ ಹತ್ತಿದರೆ ಬಿಡಿಸುವುದಕ್ಕೆ ತಿಂಗಳುಗಳು ಬೇಕು. ಹೆಂಗಸರ ಕೈಗೆಂದು ಹಗುರವಾದುದನ್ನೇ ಹುಡುಕುವ ಅಣ್ಣಂದಿರೂ ಗಂಡಂದಿರೂ ಇದನ್ನು ತಿಳಿದಿರಬೇಕು.

ಆಯುಧವೆಂದರೆ ಮಾನವೆಂಬ ಭಾವನೆ ನಮ್ಮ ನಾಡಿನಲ್ಲಿ ಇಂದು ನಿನ್ನೆಯದಲ್ಲ. 1857ರಲ್ಲಿ ಇಂಗ್ಲಿಷರು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದಕ್ಕೆ ಒಪ್ಪದೆ ಎದ್ದರು. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು, ಅನೇಕರು ಗಲ್ಲಿಗೇರಿದರು. ಲಾವಣಿಕಾರರ ಬಾಯಲ್ಲಿ ಆ ಕಥೆ ಇಂದಿಗೂ ಉಳಿದಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಿಗೆಯಿಂದ ವಿನಾಯಿತಿಯುಂಟು. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡಿ ತೋಕ್ ಪೂ ಎಂಬ ಹೂವನ್ನು ಮುಡಿಸುತ್ತಾರೆ. ವಿನಾಯಿತಿಯು ಪರವಾನಿಗೆಯಿಂದ ಮಾತ್ರ, ಎಚ್ಚರಿಕೆಯಿಂದಲ್ಲ. ಆಯುಧಪೂಜೆಗೆ ಬಂದೂಕನ್ನು ಇರಿಸುವ ನಮ್ಮ ಕಡೆಯ ಮನೆಗಳಲ್ಲಿಯೂ ಕುಂಕುಮ ಹಚ್ಚುವ ಮುನ್ನ ನಳಿಗೆ ಬರಿದಾಗಿದೆಯೆ ಎಂದು ಬಲ್ಲವರು ನೋಡಬೇಕು. ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿ ಇತರರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡವೆಂದು 2019ರ ತಿದ್ದುಪಡಿಯಲ್ಲಿ ಸೇರಿದೆ.

ಈಗ ಮಗಳ ಮಾತಿಗೆ ಬರೋಣ. ನಮ್ಮ ಅಭಿಪ್ರಾಯದಲ್ಲಿ ಈ ಮನೆಯಲ್ಲಿ ಪಿಸ್ತೂಲಿನ ವಿಷಯವಾಗಿ ಸರಿಯಾಗಿ ಯೋಚಿಸಿದವಳು ಆಕೆಯೊಬ್ಬಳೇ. ಆಕೆ ಕೇಳಿದ್ದು ಆಯುಧವನ್ನಲ್ಲ, ವಿದ್ಯೆಯನ್ನು. ಹೊಸದಾಗಿ ಕಲಿಯುವವರ ಮೊದಲನೆಯ ಪಿಸ್ತೂಲು ಗಾಳಿಯ ಪಿಸ್ತೂಲಾಗಿರಬೇಕು. ಅಳತೆ .177, ಅಂದರೆ 4.5 ಮಿಲಿಮೀಟರು. ಅರ್ಧ ಗ್ರಾಮಿನ ಸೀಸದ ಗುಂಡು ಸೆಕೆಂಡಿಗೆ ಸುಮಾರು 150 ಮೀಟರು ವೇಗದಿಂದ ಹೊರಡುವುದು. ಅದರ ಶಕ್ತಿ ಆರು ಜೂಲಿಗೂ ಕಡಿಮೆ. ಈ ಅಳತೆಯನ್ನೂ 20 ಜೂಲನ್ನೂ ಮೀರದ ಗಾಳಿಯ ಆಯುಧಕ್ಕೆ ನಮ್ಮ ದೇಶದಲ್ಲಿ ಪರವಾನಿಗೆ ಬೇಡ. ಮಾರುವವರು ಕೊಳ್ಳುವವರ ಗುರುತನ್ನೂ ವಿಳಾಸವನ್ನೂ ಕೇಳಿದರೆ ಸಂತೋಷದಿಂದ ಕೊಡಬೇಕು, ಕೇಳದೆ ಮಾರುವ ಅಂಗಡಿಗೆ ಹೋಗಬಾರದು. ಸದ್ದಿಲ್ಲ, ಒದೆತವಿಲ್ಲವೆಂದ ಮೇಲೆ ಬೆದರಿಗೆ ಎಡೆಯಿಲ್ಲ. ತಪ್ಪಾದಾಗ ಅದು ತನ್ನದೇ ತಪ್ಪೆಂದು ಕಲಿಯುವವರಿಗೆ ಕೂಡಲೇ ಗೊತ್ತಾಗುವುದು.

ಇದನ್ನು ಆಟಿಕೆಯೆಂದು ಮಗರಾಯನು ನಕ್ಕರೆ ಅವನಿಗೆ ಹೇಳಬೇಕಾದದ್ದಿದೆ. ಒಲಿಂಪಿಕ್ ಸ್ಪರ್ಧೆಯಲ್ಲಿ ನಡೆಯುವುದು ಇದೇ ಪಿಸ್ತೂಲಿನಿಂದ. ದೂರ 10 ಮೀಟರು. ಒಂದೇ ಕೈಯಿಂದ, ಯಾವ ಆಧಾರವೂ ಇಲ್ಲದೆ, 75 ನಿಮಿಷದಲ್ಲಿ 60 ಗುಂಡು. ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರು, ಅಂಗಿಯ ಗುಂಡಿಯಷ್ಟು. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಎಂಬ ತರುಣಿ ಇದರಲ್ಲಿಯೇ ಕಂಚಿನ ಪದಕವನ್ನು ಪಡೆದು, ಸರಬ್‌ಜೋತ್ ಸಿಂಗರ ಜೊತೆಗೂಡಿ ಇನ್ನೊಂದನ್ನೂ ಗೆದ್ದಳು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2013ರಲ್ಲಿ ಕೊರಿಯಾದ ಚಾಂಗ್ವನ್‌ನಲ್ಲಿ ವಿಶ್ವಕಪ್ಪಿನ ಕಂಚನ್ನು ಗೆದ್ದರು. ಅದೇ ವರ್ಷ ಅವರ ಮುಖದ ಒಂದು ಪಾರ್ಶ್ವಕ್ಕೆ ವಾಯು ಬಡಿಯಿತು. ಗುರಿಕಾರನಿಗೆ ಇದಕ್ಕಿಂತ ದೊಡ್ಡ ವಿಪತ್ತು ಯಾವುದು? ಆದರೂ 2014ರಲ್ಲಿ ಗ್ಲಾಸ್ಗೋದಲ್ಲಿ ಬೆಳ್ಳಿಯನ್ನು ಪಡೆದು 2016ರಲ್ಲಿ ರಿಯೋ ಒಲಿಂಪಿಕ್ಕಿಗೂ ಹೋದರು. ದೇಶದ ರೈಫಲ್ ಸಂಘವು 1951ರಲ್ಲಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಲೋಕಸಭೆಯ ಅಧ್ಯಕ್ಷ ಪೀಠವನ್ನಲಂಕರಿಸಿದ ಜಿ. ವಿ. ಮಾವಳಂಕರರು, ಸಭ್ಯ ಗೃಹಸ್ಥರ ವಿದ್ಯೆಯಿದು.

ಕೊಳ್ಳುವ ಮುನ್ನ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಕಾಗದದ ನಡುವೆ ರೂಪಾಯಿಯಷ್ಟು ರಂಧ್ರ ಮಾಡಿ, ಎರಡೂ ಕೈಯನ್ನು ನೀಡಿ ಅದನ್ನು ಹಿಡಿದು, ಎರಡೂ ಕಣ್ಣನ್ನು ತೆರೆದು ಎದುರು ಗೋಡೆಯ ಕ್ಯಾಲೆಂಡರಿನ ಒಂದು ಅಂಕಿಯನ್ನು ರಂಧ್ರದೊಳಗಿನಿಂದ ನೋಡಬೇಕು. ಅಂಕಿಯನ್ನು ಬಿಡದೆ ಕಾಗದವನ್ನು ಮೆಲ್ಲಗೆ ಮುಖದ ಬಳಿಗೆ ತಂದರೆ ಅದು ಯಾವ ಕಣ್ಣಿಗೆ ಬರುವುದೋ ಆ ಕಣ್ಣೇ ಮುಂದಾಳು. ಬಲಗೈಯವರಿಗೆ ಬಲಗಣ್ಣೇ ಮುಂದಾಳಾಗಿರುವುದು ಹೆಚ್ಚು, ಆದರೆ ನಿಯಮವಲ್ಲ. ಎಡಗಣ್ಣಿನವರಾದರೆ ಕಲಿಸುವವರಿಗೆ ಮೊದಲೇ ಹೇಳಬೇಕು. ಹಿಡಿಯನ್ನೂ ನಿಲುವನ್ನೂ ಅದಕ್ಕೆ ತಕ್ಕಂತೆ ಆರಿಸಬೇಕಾಗುವುದು.

ಗಾಳಿಯ ಪಿಸ್ತೂಲುಗಳಲ್ಲಿ ಸ್ಥೂಲವಾಗಿ ಮೂರು ತೆರ. ಸ್ಪ್ರಿಂಗಿನದು ಅಗ್ಗ, ಆದರೆ ಒಳಗಿನ ಸ್ಪ್ರಿಂಗು ಬಡಿಯುವುದರಿಂದ ಗುಂಡು ನಳಿಗೆಯನ್ನು ಬಿಡುವ ಮುನ್ನವೇ ಆಯುಧ ಅಲುಗುತ್ತದೆ. ಗುರಿಯನ್ನು ಕಲಿಸುವುದಕ್ಕೆ ಬದಲು ಅಡ್ಡಬರುತ್ತದೆ. ಎರಡನೆಯದು ಪ್ರತಿ ಗುಂಡಿಗೂ ಸನ್ನೆಯನ್ನು ಒಮ್ಮೆ ಒತ್ತಿ ಗಾಳಿ ತುಂಬುವಂಥದು. ರಷ್ಯಾದ ಬೈಕಲ್ ಕಂಪನಿಯ 46 ಎಂಬುದು ಇದರಲ್ಲಿ ಹೆಸರಾದದ್ದು. ಅಲುಗುವುದಿಲ್ಲ, ಸಿಲಿಂಡರಿನ ತಂಟೆಯಿಲ್ಲ; 60 ಸಲ ಒತ್ತುವಷ್ಟರಲ್ಲಿ ತೋಳು ಸೋಲುತ್ತದೆಂಬುದೇ ಕುಂದು. ಮೂರನೆಯದು ಮೊದಲೇ ಗಾಳಿಯನ್ನು ತುಂಬಿದ ಸಿಲಿಂಡರಿನದು. ಸ್ಪರ್ಧಿಗಳೆಲ್ಲ ಹಿಡಿಯುವುದು ಇದನ್ನೇ. ಬೆಲೆ ದೊಡ್ಡದು, ಸಿಲಿಂಡರನ್ನು ತುಂಬಿಸಲು ಅನುಕೂಲ ಹತ್ತಿರವಿರಬೇಕು. ಹೀಗಿರುವಲ್ಲಿ ಮುಂಡಗೋಡದ ಕಡೆಯವರು ಮೊದಲ ಮೂರು ತಿಂಗಳು ಏನನ್ನೂ ಕೊಳ್ಳಬಾರದೆಂಬುದೇ ನಮ್ಮ ಸಲಹೆ. ಮಗಳು ಹುಬ್ಬಳ್ಳಿಯಲ್ಲಿ ಕಲಿಸುವವರ ಬಳಿಗೆ ಹೋಗಿ ಅವರ ಪಿಸ್ತೂಲಿನಿಂದಲೇ ಅಭ್ಯಾಸ ಮಾಡಲಿ. ಹಂಬಲವು ನಿಂತರೆ ಹಣ ಉಳಿಯಿತು. ಮುಂದುವರಿದರೆ ಸನ್ನೆಯದೋ ಸಿಲಿಂಡರಿನದೋ ಎಂಬುದನ್ನು ಆಕೆಯ ಕೈಯೇ ಹೇಳುವುದು.

ಆರಿಸುವಾಗ ತೂಕಕ್ಕಿಂತ ಹಿಡಿಯನ್ನು ನೋಡಬೇಕು. ಸ್ಪರ್ಧೆಯ ನಿಯಮದಂತೆ ಪಿಸ್ತೂಲು 1500 ಗ್ರಾಮನ್ನು ಮೀರಬಾರದು. ಸಾಮಾನ್ಯವಾಗಿ ಒಂದು ಕಿಲೋದಷ್ಟಿರುವುದು. ಮರದ ಹಿಡಿಯು ಅಂಗೈಗೆ ಪಾದರಕ್ಷೆಯಂತೆ ಒಪ್ಪಬೇಕು. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆದಾಗ ನೊಣವು ಕಂಡಿಯ ನಡುವೆ ತಾನಾಗಿ ನಿಂತಿದ್ದರೆ ಹಿಡಿ ಒಪ್ಪಿತೆಂದು ತಿಳಿಯಬೇಕು. ಮಣಿಕಟ್ಟನ್ನು ತಿರುಚಿ ತರಬೇಕಾದರೆ ಒಪ್ಪಲಿಲ್ಲ. ಟ್ರಿಗರು 500 ಗ್ರಾಮಿನ ಭಾರವನ್ನು ಎತ್ತಿ ಹಿಡಿಯುವಂತಿರಬೇಕೆಂದು ನಿಯಮ. ಕಲಿಯುವವರಿಗೆ ಇದಕ್ಕಿಂತ ಸ್ವಲ್ಪ ಬಿಗಿಯಾಗಿದ್ದರೂ ತೊಂದರೆಯಿಲ್ಲ, ಸಡಿಲು ಬೇಡ. ಪೊಲೀಸರ ಪಿಸ್ತೂಲಿನ ತದ್ರೂಪದ, ಉಕ್ಕಿನ ಕಾಳು ಹಾರಿಸುವ ಮಾದರಿಗಳು ಹುಡುಗರ ಕಣ್ಣನ್ನು ಸೆಳೆಯುತ್ತವೆ. ಉಕ್ಕಿನ ಕಾಳು ಗಟ್ಟಿಯಾದುದಕ್ಕೆ ತಗುಲಿ ಹೊಡೆದವನ ಕಣ್ಣಿಗೇ ಮರಳೀತು. ಆ ರೂಪವಂತೂ ಬೀದಿಯಲ್ಲಿ ಯಾರನ್ನಾದರೂ ಭ್ರಮೆಗೊಳಿಸೀತು. ಅವನ್ನು ಮನೆಗೆ ತರಬಾರದು.

ಗಾಳಿಯದಾದರೂ ಅದು ಆಯುಧವೇ. ಹತ್ತು ಮೀಟರಿನೊಳಗೆ ಕಣ್ಣು ತೆಗೆಯಲು ಆರು ಜೂಲು ಬೇಡ, ಅದಕ್ಕೂ ಕಡಿಮೆಯೇ ಸಾಕು. ಹಿತ್ತಿಲಲ್ಲಿ ಅಭ್ಯಾಸ ಮಾಡುವವರು ಹಲಗೆಯ ಹಿಂದೆ ಮಣ್ಣಿನ ದಿಬ್ಬವನ್ನೋ ಮರಳು ಚೀಲಗಳನ್ನೋ ಇಟ್ಟುಕೊಳ್ಳಬೇಕು, ಕಣ್ಣಿಗೆ ಕನ್ನಡಕವಿರಬೇಕು, ಹಲಗೆಯ ಕಡೆಗೆ ತೆರೆಯುವ ಬಾಗಿಲೊಂದಿದ್ದರೆ ಅದಕ್ಕೆ ಚಿಲಕ ಹಾಕಿರಬೇಕು. ಜಲಾಶಯದ ದಂಡೆಗೆ ಒಯ್ದು ನೀರಿನ ಕಡೆಗೆ ಹಾರಿಸುವುದು ಸಲ್ಲದು. ಓರೆಯಾಗಿ ಬಿದ್ದ ಗುಂಡು ನೀರಿನ ಮೇಲಿಂದ ಕಲ್ಲುಬಿಲ್ಲೆಯಂತೆ ಪುಟಿದು ಎಲ್ಲಿಗೆ ಹೋಗುವುದೆಂದು ಹೇಳಬರುವುದಿಲ್ಲ. ಅಲ್ಲಿ ಕೂತ ಬೆಳ್ಳಕ್ಕಿಯ ಮೇಲೆ ಗುರಿ ಹಿಡಿದರೆ ವನ್ಯಜೀವಿ ಕಾಯಿದೆಯೂ ಬೆನ್ನ ಹಿಂದೆ ನಿಂತಿರುತ್ತದೆ.

ಗುಂಡು ಹಾರಿಸದೆಯೇ ನಡೆಯುವ ಅಭ್ಯಾಸವು ಹಾರಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆಂದು ಬಲ್ಲವರೆಲ್ಲ ಒಪ್ಪುತ್ತಾರೆ. ಬರಿದಾದ ಪಿಸ್ತೂಲನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡು, ಸುಣ್ಣದ ಬರಿಗೋಡೆಯ ಎದುರು ನಿಂತು, ನೊಣವು ಅಲುಗದಂತೆ ಟ್ರಿಗರನ್ನು ಒತ್ತುವುದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಖರ್ಚಿನ ದೃಷ್ಟಿಯಿಂದಲೂ ಇದು ಒಳ್ಳೆಯದು, 500 ಗುಂಡುಗಳ ಡಬ್ಬಿಯು ದಿನಕ್ಕೆ 60ರಂತೆ ಎಂಟು ದಿನಕ್ಕೆ ಮುಗಿಯುತ್ತದೆ. ಗುಂಡು ಸೀಸದ್ದಾದುದರಿಂದ ಅಭ್ಯಾಸದ ನಡುವೆ ಏನನ್ನೂ ತಿನ್ನಬಾರದು. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ಅಡಿಗೆಮನೆಗೆ ಕಾಲಿಡಬೇಕು. ಪಿಸ್ತೂಲಿಗೆ ಬೀಗದ ಪೆಟ್ಟಿಗೆ ಒಂದು, ಗುಂಡಿಗೆ ಬೇರೊಂದು. ಎರಡರ ಕೀಲಿಗಳೂ ಒಂದೇ ಗೊಂಚಲಿನಲ್ಲಿ ಇರಬಾರದು, ಮನೆಗೆ ಬಂದ ನೆಂಟರ ಮಕ್ಕಳಿಗೆ ಅದನ್ನು ತೆಗೆದು ತೋರಿಸುವ ವಾಡಿಕೆಯೂ ಬೇಡ.